ಲ್ಯಾಮಿನೇಶನ್ ಹೋಳಿಗೆ

ಇನ್ನು ಮೇಲೆ ಈ ಕುಬೇರಪ್ಪನನ್ನು ಯಾರೂ ಹಳೇ ಕಾಲದವನು ಅನ್ನಕೂಡದು ಎಂದು ನಾನು ಪಣ ತೊಟ್ಟಿದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ. ರಾಯಾಪುರದಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದ ವರ್ಕ್‌ಶಾಪು ಮುಚ್ಚಿ, ಅದರ ಮಾಲೀಕ ಮಹಾದೇವಪ್ಪನವರೂ ತೀರಿಕೊಂಡಿದ್ದರು. ಮನೆ ನಡೆಯುತ್ತಿದ್ದುದು ಹೆಂಡತಿ ಉಮಾಶ್ರೀ ಖಾನಾವಳಿಗೆ ಬಡಿದುಕೊಡುತ್ತಿದ್ದ ರೊಟ್ಟಿಯ ಮೇಲೆ. ಅಷ್ಟರಲ್ಲಿ ತಾರಿಹಾಳದ ಪಂಪ್ ಕಾರ್ಖಾನೆಗೆ ಸ್ಟೋರ್‌ಕೀಪರ್ ಬೇಕಂತೆ ಎಂಬ ಸುದ್ದಿ ಬಂತು.

ನಾನು ನೇರ ಬೈರಿದೇವರಕೊಪ್ಪದ ಸೈಬರ್ ಕೆಫೆಗೆ ನುಗ್ಗಿದೆ. ಅಲ್ಲಿಯ ವಿನೋದ ತೋರಿಸಿದ ಯಾವುದೋ ಪರದೇಶದ ವೆಬ್‌ಸೈಟಿನಲ್ಲಿ ಎರಡು ಕೋರ್ಸು ಮುಗಿಸಿದೆ. ಒಂದು ಉಗ್ರಾಣ ನಿರ್ವಹಣೆ, ಇನ್ನೊಂದು ನಾಯಕತ್ವ. ತಪ್ಪು ಉತ್ತರ ಒತ್ತಿದರೆ ಅದು ಸಿಟ್ಟಾಗದೆ, ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತಿತ್ತು. ಅಂಥ ಸಜ್ಜನ ಮಾಸ್ತರರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕೊನೆಗೆ ಬಂಗಾರ ಬಣ್ಣದ ದೊಡ್ಡ ಮೊಹರಿನ ಎರಡು ಸರ್ಟಿಫಿಕೇಟು ಪ್ರಿಂಟರಿನಿಂದ ಹೊರಬಿದ್ದವು.

ಆದರೆ ವಿನೋದನ ಕಾಗದ ಬಹಳ ತೆಳುವು. ಕೈಯಲ್ಲಿ ಹಿಡಿದರೆ ನಾಯಕತ್ವ ಸೊಟ್ಟಗೆ ಬಾಗುತ್ತಿತ್ತು. ಲ್ಯಾಮಿನೇಶನ್ ಮಾಡಿಸುವಾಗ ನಡುವೆ ಒಂದು ಗಟ್ಟಿ ಕಾಗದ ಇಟ್ಟರೆ ಸರಿಹೋದೀತು ಅನ್ನಿಸಿತು. ಉಡದಾರಕ್ಕೆ ಕಟ್ಟಿಕೊಂಡಿದ್ದ ಕೀಲಿ ಬಿಚ್ಚಿ ಟ್ರಂಕು ತೆಗೆದೆ. ಮನೆಯ ಕಾಗದಪತ್ರವೆಲ್ಲ ಇರುವುದು ಅದರಲ್ಲಿ. ಆ ಕೀಲಿಯನ್ನು ನಾನು ಯಾರಿಗೂ ಕೊಟ್ಟವನಲ್ಲ.

ಸಿಕ್ಕಿದ್ದು ಮಹಾದೇವಪ್ಪನವರು ವರ್ಕ್‌ಶಾಪ್ ಮುಚ್ಚುವಾಗ ಕೈಯಾರೆ ಬರೆದುಕೊಟ್ಟ ಪತ್ರ. ಒಳ್ಳೆಯ ದಪ್ಪ ಕಾಗದ.

ಉಮಾ ನೋಡಿಯೇಬಿಟ್ಟಳು. "ರೀ, ಅದನ್ನ್ಯಾಕ ತಗದ್ರಿ? ಅದು ನಿಮ್ಮ ದುಡಿಮಿಗೆ ಸಾಕ್ಷಿ ಐತ್ರಿ."

"ಹುಚ್ಚಿ, ಸತ್ತವರ ಚೀಟಿ ಈಗ ಯಾರ ಕೇಳ್ತಾರ? ಈಗೇನಿದ್ರೂ ಇಂಟರ್ನೆಟ್ಟಿನ ಕಾಲ. ಇದು ನಡುವ ಕೂತು ಸರ್ಟಿಫಿಕೇಟಿಗೆ ಒಂದೀಟು ಆಧಾರ ಕೊಡ್ಲಿ."

"ಮಾಡ್ರಿ ನಿಮಗ ತಿಳಿದಂಗ," ಎಂದು ಅವಳು ರೊಟ್ಟಿ ಬಡಿಯಲು ಹೋದಳು. ಆ ಬಡಿತದ ಸದ್ದಿನಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಮೇಲೊಂದು ಸರ್ಟಿಫಿಕೇಟು, ಕೆಳಗೊಂದು, ನಡುವೆ ಹೂರಣದಂತೆ, ಜಾರದಿರಲೆಂದು ಗೋಂದು ಹಚ್ಚಿಸಿಕೊಂಡ ಮಹಾದೇವಪ್ಪನವರು. ಯಾಕೂಬಸಾಬರ ಅಂಗಡಿಯ ಮಷಿನ್ನಿನಿಂದ ಬಿಸಿಬಿಸಿ ಹೋಳಿಗೆ ಹೊರಬಂತು. ಬಾರಿಸಿದರೆ ಹಲಗೆಯಂಥ ಶಬ್ದ.

ತಾರಿಹಾಳದ ಕಾರ್ಖಾನೆಯ ಮಾಲೀಕ ಮಲ್ಲಿಕಸಾಬರು ಅದನ್ನು ಹಿಂದೆ ಮುಂದೆ ತಿರುಗಿಸಿ ಮೇಜಿನ ಮೇಲಿಟ್ಟರು.

"ಕುಬೇರಪ್ಪನವರ, ಇವು ಇರ್ಲಿ ಬಿಡ್ರಿ. ಇದಕ್ಕಿಂತ ಮೊದಲ ಎಲ್ಲಿ ಕೆಲಸ ಮಾಡೀರಿ?"

"ಮಹಾದೇವಪ್ಪನವರ ವರ್ಕ್‌ಶಾಪಿನ್ಯಾಗ್ರಿ."

ಅವರ ಮುಖ ಅರಳಿತು. "ಖರೇನ? ದೊಡ್ಡ ಮನಶಾ ಅವರು. ನಿಮ್ಮ ಬಗ್ಗೆ ಏನರ ಬರದು ಕೊಟ್ಟಾರೇನ್ರಿ? ಅವರು ಬರದ ಒಂದು ಸಾಲು ಇದ್ರ ಸಾಕು, ನಾಳಿಂದನ ಬರ್ರಿ."

"ಬರದಾರ್ರಿ."

"ಎಲ್ಲೈತಿ?"

"ನಿಮ್ಮ ಮುಂದನ ಐತ್ರಿ. ನಡುವ."

ಮಲ್ಲಿಕಸಾಬರು ಎದ್ದು ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಕಣ್ಣು ಕಿರಿದು ಮಾಡಿ, ನಾಯಕತ್ವದ ಬೆನ್ನ ಹಿಂದಿನಿಂದ ಒಂದೊಂದೇ ಅಕ್ಷರ ಹೆಕ್ಕಿ ಓದತೊಡಗಿದರು. "ಇವರ ಕೈಗೆ... ಗೋದಾಮಿನ ಕೀಲಿಯನ್ನು... ಕಣ್ಣು ಮುಚ್ಚಿ ಕೊಡ..." ಅಲ್ಲಿಗೆ ನಿಂತರು. ಮುಂದಿನದರ ಮೇಲೆ, ಕೆಳಗಿನ ಸಹಿಯ ಮೇಲೆ, ಬಂಗಾರದ ಮೊಹರು ಗ್ರಹಣದಂತೆ ಕೂತಿತ್ತು.

"ಕೊಡಬಹುದು ಅಂತ ಐತ್ಯೋ, ಕೊಡಬಾರದು ಅಂತ ಐತ್ಯೋ?"

"ಬಹುದು ಅಂತನ ಐತ್ರಿ."

"ನೀವು ಹಂಗ ಅನ್ನಾವರ. ಪತ್ರ ಬಿಡಿಸಿಕೊಂಡ ನಾಳೆ ಬರ್ರಿ, ನೋಡೂಣಂತ."

ಮನೆಗೆ ಬಂದು ಕತ್ತರಿ ಹಿಡಿದೆ. ಅಂಚು ಬಿಚ್ಚಿತು, ಹೊಟ್ಟೆ ಬಿಚ್ಚಲಿಲ್ಲ. ಬಿಸಿಗೆ ಅಂಟಿದ್ದು ಬಿಸಿಗೇ ಬಿಟ್ಟೀತು ಎಂದು ಇಸ್ತ್ರಿಪೆಟ್ಟಿಗೆ ಇಟ್ಟೆ. ಇದು ಮಾತ್ರ ನನ್ನ ಸ್ವಂತ ನಾಯಕತ್ವ. ಪ್ಲಾಸ್ಟಿಕ್ಕು ಮುದುಡಿತು, ಹೊಗೆ ಎದ್ದಿತು. ಗಾಬರಿಯಲ್ಲಿ ಎಳೆದೆ. ಮಹಾದೇವಪ್ಪನವರ ಕೊನೆಯ ಸಾಲು ಮತ್ತು ಸಹಿ ಬಂಗಾರದ ಮೊಹರಿಗೇ ಅಂಟಿ ಕಿತ್ತುಬಂದು, ಕರಗಿದ ಪ್ಲಾಸ್ಟಿಕ್ಕಿನ ಮುದ್ದೆಯಲ್ಲಿ ಸೇರಿಹೋದವು. ನನ್ನ ಕೈಯಲ್ಲಿ ಉಳಿದದ್ದು "ಕೊಡ" ಎಂಬಲ್ಲಿಗೆ ಹರಿದ ಕಾಗದ. ನಾನು ನೆಲದ ಮೇಲೆ ಕುಕ್ಕರಿಸಿದೆ. ಇನ್ನೊಂದು ಬರೆಸಿಕೊಳ್ಳೋಣವೆಂದರೆ ಬರೆಯುವವರೇ ಇಲ್ಲ. ನನ್ನ ಬಗ್ಗೆ ಒಳ್ಳೆಯ ಮಾತು ಬರೆದ ಒಬ್ಬರೇ ಒಬ್ಬರನ್ನು ನಾನೇ ಸರ್ಟಿಫಿಕೇಟಿಗೆ ಆಧಾರದ ರಟ್ಟಾಗಿ ಬಳಸಿಕೊಂಡಿದ್ದೆ.

ಮರುದಿನ ತುಂಡು ಹಿಡಿದು ಹೋದೆ. ಮಲ್ಲಿಕಸಾಬರು ಅದರ ಹರಿದ ಅಂಚಿನ ಮೇಲೆ ಬೆರಳಾಡಿಸಿದರು. "ಕುಬೇರಪ್ಪನವರ, ನಿಮಗ ಕೆಲಸ ಬರೂದಿಲ್ಲಂತ ನಾ ಅನ್ನಾಂಗಿಲ್ಲ. ಆದ್ರ ಇಂಥಾ ಕಾಗದನ ಜ್ವಾಪಾನ ಮಾಡಲಾರದವರು ನನ್ನ ಸಾಮಾನು ಹೆಂಗ ಜ್ವಾಪಾನ ಮಾಡ್ತೀರಿ, ನೀವ ಹೇಳ್ರಿ." ಎರಡು ಕೋರ್ಸಿನಲ್ಲೂ ಆ ಪ್ರಶ್ನೆ ಬಂದಿರಲಿಲ್ಲ.

ಮನೆಗೆ ಬಂದಾಗ ಉಮಾ ಒಲೆಯ ಮುಂದಿದ್ದಳು. ನನ್ನ ಮುಖ ನೋಡಿ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಬೈದಿದ್ದರೆ ಊಟ ಇಳಿಯುತ್ತಿತ್ತು.

"ಅವತ್ತು ನಮ್ಮ ಮನ್ಯಾಗ ಉಂಡು, ಇಲ್ಲೇ ಕೂತು ಬರದಿದ್ರು ಮಹಾದೇವಪ್ಪನವರು," ಎಂದಳು. "ಬರದು ನನಗ ಓದಿ ತೋರಿಸಿದ್ರು. ಕಣ್ಣು ಮುಚ್ಚಿ ಕೊಡಬಹುದು ಅಂತನ ಇತ್ತು. ಎಷ್ಟ ಖುಷಿ ಆಗಿತ್ತು ನನಗ."

ನನಗೆ ಅಳು ಬಂತು. "ನೀನರ ನಂಬತಿ ಅಲ್ಲ, ಉಮಾ?"

"ನಂಬ್ತೇನ್ರಿ," ಎಂದಳು. ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಮುಂದೆ ಅಂಗೈ ಚಾಚಿದಳು.

"ಆ ಟ್ರಂಕಿನ ಕೀಲಿ ಇಲ್ಲಿ ಕೊಡ್ರಿ."