ಎದ್ದು ನಿಲ್ಲುವ ಮೈದುನರೂ ಒಂದು ಮರಳಿನ ಚೀಲವೂ

ನನ್ನನ್ನು ಕಂಡರೆ ರಕ್ತ ಹರಿಸುವಷ್ಟು ಗೌರವ ಕೊಡುವ ಮನುಷ್ಯರು ಈ ಲೋಕದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಮೈದುನರು. ಅತಿಯಾಯಿತು ಅನ್ನಬೇಡಿ, ಕಣ್ಣಾರೆ ಕಂಡವಳು ನಾನು!

ಆವತ್ತು ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಾ ಕೂತಿದ್ದೆ. ಪಕ್ಕದ ಮನೆಗೆ ಫೋನ್ ಬಂದಿದೆ ಎಂದು ಕೂಗಿದರು. ಬೇಳೆ ಹಾಗೇ ಬಿಟ್ಟು ಓಡಿದೆ. ಸೇಡಂ ರಸ್ತೆಯ ಆಸ್ಪತ್ರೆಯಿಂದ ನಮ್ಮ ಮನೆಯವರ ದನಿ.

"ತಮ್ಮಂದು ಛಲೋ ಆತು ನೋಡು. ಬಲೂನು ಹಾಕಿ ಎದಿ ಕವಾಟ ಅಗಲ ಮಾಡ್ಯಾರ. ಆದ್ರ ನೀ ಮಾತ್ರ ಇವತ್ತ ಈ ಕಡಿ ಬರಬ್ಯಾಡ!"

ಬರಬೇಡ ಎಂದರೆ ಯಾವ ಹೆಂಗಸು ಮನೆಯಲ್ಲಿ ಕೂಡುತ್ತಾಳೆ ಹೇಳಿ? ಆದರೆ ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೈದುನರು ಕಮಲಾಪುರದಲ್ಲಿ ಶಾಲಾ ಮಾಸ್ತರು. ಮದುವೆ ಮಾಡಿಕೊಂಡವರಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೆ ನಾನು ಅವರ ಅಣ್ಣನ ಹೆಂಡತಿ, ವೈನಿ, ಹಾಗಾಗಿ ಸಂಬಂಧದಲ್ಲಿ ಹಿರಿಯಳು. ನಾನು ಕಣ್ಣಿಗೆ ಬಿದ್ದರೆ ಸಾಕು, ಕೂತಲ್ಲಿಂದ ದಡಕ್ಕನೆ ಎದ್ದು ನಿಲ್ಲುತ್ತಾರೆ! ಸ್ವಂತ ಅಣ್ಣ ಬಂದರೆ ಮಾತ್ರ ಏಳುವುದಿಲ್ಲ. ಯಾಕೆಂದು ಕೇಳಿದರೆ, "ಅವಗ ಎದ್ದು ನಿಂತ್ರ ಸೊಕ್ಕು ಬರ್ತದರಿ" ಎನ್ನುತ್ತಾರೆ.

ನಮ್ಮ ಮನೆಗಳಲ್ಲಿ ಊಟದ ನಡುವೆ ಎದ್ದರೆ ಊಟ ಮುಗಿದ ಹಾಗೆ, ಮತ್ತೆ ಆ ಎಲೆ ಮುಟ್ಟುವಂತಿಲ್ಲ. ಮದುವೆಯಾದ ಹೊಸತು. ನಾನು ಸಾರು ಬಡಿಸಲು ಬಂದೆ, ಅವರು ಎದ್ದರು. ಅನ್ನ, ಪಲ್ಯ, ಕೋಸಂಬರಿ ಎಲ್ಲ ಎಲೆಯ ಮೇಲೇ ಉಳಿಯಿತು! ಮರುದಿನ ಹುಗ್ಗಿ ತಂದೆ, ಮತ್ತೆ ಎದ್ದರು. ಅತ್ತೆಯವರು ತಲೆ ತಲೆ ಬಡಿದುಕೊಂಡರು. "ಯವ್ವಾ, ನೀ ಪಡಸಾಲಿಗೆ ಬರಬ್ಯಾಡವಾ, ನನ್ನ ಮಗ ಉಪಾಸ ಸಾಯ್ತಾನ!" ಅಂದಿನಿಂದ ಅವರ ಪಂಕ್ತಿಗೆ ಬಡಿಸುವ ಕೆಲಸ ನನಗೆ ತಪ್ಪಿತು. ಅದೂ ದೇವರ ಕೃಪೆಯೇ ಎಂದುಕೊಂಡೆ.

ಇನ್ನೊಮ್ಮೆ ಸ್ಟೇಶನ್ ಬಜಾರದಲ್ಲಿ ಕಾಯಿಪಲ್ಯದ ಚೀಲ ಹಿಡಿದು ಬರುತ್ತಿದ್ದೆ. ಕಟಿಂಗ್ ಅಂಗಡಿಯಲ್ಲಿ ಒಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಕನ್ನಡಿಯಲ್ಲಿ ನನ್ನ ನೆರಳು ಕಂಡಿತೋ ಏನೋ, ಎದ್ದೇಬಿಟ್ಟರು! "ಅರೆ ಮಾಸ್ಟರ್ ಸಾಬ್, ಹಿಲೋ ನಕ್ಕೋ!" ಅಲುಗಾಡಬೇಡಿ ಎಂದು ಅಂಗಡಿಯವನು ಚೀರಿದ. ದೇವರು ದೊಡ್ಡವನು, ಕಿವಿ ಉಳಿಯಿತು. ಗದ್ದದ ಮೇಲಿನ ಗೆರೆ ಈಗಲೂ ಇದೆ.

ಕಮಲಾಪುರದಿಂದ ಬಸ್ಸಿನಲ್ಲಿ ಬರುವಾಗಲೂ ಇದೇ ಕಥೆ. ನಾನು ಹತ್ತಿದೆ, ಅವರು ಎದ್ದರು. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ! ಆದರೂ ಮಡಿಲಲ್ಲಿದ್ದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ಎದೆಗೆ ಅವಚಿಕೊಂಡು ಕಲಬುರ್ಗಿ ತನಕ ನಿಂತೇ ಬಂದರು. ಕಂಡಕ್ಟರ್ ನನ್ನನ್ನು ಯಾರೋ ದೊಡ್ಡ ಸಾಹೇಬರ ಹೆಂಡತಿ ಎಂದು ತಿಳಿದು ಇಳಿಯುವಾಗ ನಮಸ್ಕಾರ ಮಾಡಿದ!

ಇಂಥ ಮನುಷ್ಯರಿಗೆ ಎದೆಯ ಕವಾಟ ಕಿರಿದಾಗಿ ಏದುಸಿರು ಹತ್ತತೊಡಗಿತು. ಹೈದರಾಬಾದಿನಿಂದ ಬಂದ ಡಾಕ್ಟರು ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಏರಿಸಿ, ಅದರ ತುದಿಯ ಬಲೂನು ಉಬ್ಬಿಸಿ ಕವಾಟ ತೆರೆದರು. ಎದೆಯ ಕೆಲಸ ಮುಗಿಯಿತು. ಈಗ ತೊಡೆಯಲ್ಲಿ ತೂತು ಬಿದ್ದಿತ್ತಲ್ಲ, ಅದು ತಾನಾಗಿ ಮುಚ್ಚಬೇಕು. ನರ್ಸ್ ಬಹಳ ಹೊತ್ತು ಕೈಯಿಂದ ಒತ್ತಿ ಹಿಡಿದು, ಪಟ್ಟಿ ಕಟ್ಟಿ, ಮೇಲೆ ಮರಳಿನ ಚೀಲ ಇಟ್ಟಿದ್ದಳಂತೆ. ಸಂಜೆಯ ತನಕ ಕಾಲು ಮಡಚಬಾರದು, ತಲೆ ಎತ್ತಬಾರದು, ಏಳುವುದಂತೂ ದೂರದ ಮಾತು!

ಈಗ ತಿಳಿಯಿತೇ, ನನ್ನನ್ನು ಬರಬೇಡ ಎಂದದ್ದು ಯಾಕೆ?

ನಾನು ಹೋದೆ. ಮಠದ ಮಂತ್ರಾಕ್ಷತೆ ಸೆರಗಿಗೆ ಕಟ್ಟಿಕೊಂಡು ಹೋದೆ. ಎದೆಯ ಕವಾಟವನ್ನೇ ತೆರೆಸಿಕೊಂಡು ಬಂದ ಮನುಷ್ಯ ಅದ್ಹೇಗೆ ಎದ್ದಾರು ಎಂದುಕೊಂಡಿದ್ದೆ. ಪರದೆ ಸರಿಸಿದೆ. "ವೈನಿ!" ಎಂದವರೇ ಮೊಣಕೈ ಊರಿ ಅರ್ಧ ಎದ್ದರು. ಚೀಲ ಜಾರಿ ಕೆಳಗೆ ಬಿತ್ತು. ಮನೆಯಿಂದ ಕಳಿಸಿದ್ದ ಬಿಳಿ ಚಾದರದ ಮೇಲೆ ಕೆಂಪು ಹರಡುತ್ತಾ ಹೋಯಿತು.

ನರ್ಸ್ ಓಡಿಬಂದು ಇಡೀ ಮೈಭಾರ ಹಾಕಿ ಒತ್ತಿದಳು. ಡಾಕ್ಟರು ನನ್ನ ಕಡೆ ತಿರುಗಿ, "ಇನ್ನೊಮ್ಮೆ ಹಿಂಗಾದ್ರ ತೊಡಿ ಕೊಯ್ದು ರಕ್ತನಾಳ ಹೊಲೀಬೇಕಾಗ್ತದಮ್ಮ. ಈ ಎದಿ ಅದನ್ನ ತಡಕೊಳ್ಳೋದು ಕಷ್ಟ" ಎಂದರು. ನಾನು ಪರದೆಯ ಹೊರಗೆ ಬಂದು ಗೋಡೆಗೆ ಆತು ನಿಂತೆ. ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ರಕ್ತ ನಿಂತಿತು. ಎಲ್ಲ ದೇವರಿಗೂ ಬೇರೆ ಬೇರೆ ಕೈಮುಗಿದೆ.

ಮನೆಯವರು ಔಷಧ ತರಲು ಹೊರಗೆ ಹೋದರು. ನರ್ಸ್ ಜಾಣೆ. ಒಂದು ಬಟ್ಟೆ ಮಡಿಸಿ ಮೈದುನರ ಕಣ್ಣಿಗೆ ಕಟ್ಟಿದಳು. ನನಗೆ ಕೈಸನ್ನೆ ಮಾಡಿದಳು. ಬಳೆಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕಳ್ಳಿಯ ಹಾಗೆ ಒಳಗೆ ಹೋದೆ.

"ವೈನಿ ಬಂದ್ರೇನು? ಬಳಿ ಸಪ್ಪಳ ಕೇಳ್ತು."

"ಅದು ನನ್ನ ಬಳಿರೀ ಮಾಸ್ತರ್, ಸುಮ್ಮ ಮಲಕೋರಿ!" ಎಂದಳು ನರ್ಸ್. ಅವಳ ಕೈಯಲ್ಲಿ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ!

"ಸುಳ್ಳು ಹೇಳಬ್ಯಾಡ ತಂಗಿ. ಮನಿ ಒಗ್ಗರಣಿ ವಾಸನಿ ಬರಲಿಕ್ಕತ್ತದ."

ನರ್ಸ್ ನಕ್ಕು ಪಕ್ಕದ ಮಂಚಕ್ಕೆ ಹೋದಳು. ಮೈದುನರ ಮೊಣಕಾಲು ನಡುಗುತ್ತಿತ್ತು. ಏಳಬೇಕೆಂದು ಅದು ಜಗಳಾಡುತ್ತಿದೆ ಎಂದು ನನಗೆ ಗೊತ್ತಾಯಿತು. ಭಯ ಹೋಗಿ ಸಿಟ್ಟು ಬಂತು.

"ಏನ್ರೀ ಇದು ಹುಚ್ಚು? ನಾ ಏನು ಮಠದ ಸ್ವಾಮಿಗಳೇನು? ನನಗ ಎದ್ದು ನಿಂತು ಜೀವಾ ಕಳಕೋತೀರೇನು?"

ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅವರು ಮೆಲ್ಲಗೆ ಅಂದರು:

"ನೀವು ಬಂದಾಗಿಂದ ನೋಡೀನಿ ವೈನಿ. ಮನ್ಯಾಗ ಎಲ್ಲಾರೂ ನಿಮಗ ಏಳು ಅಂತಾರ. ಏಳು ನೀರ ಕೊಡು, ಏಳು ಚಹಾ ಮಾಡು. ಕೂತಿದ್ದನ್ನ ನಾ ಕಂಡೇ ಇಲ್ಲ. ನಿಮ್ಮ ಸಲುವಾಗಿ ಒಬ್ಬರರೆ ಏಳಬೇಕಲ್ರೀ?"

ಮಂಚದ ಪಕ್ಕದ ಸ್ಟೂಲು ಎಳೆದುಕೊಂಡು, ಅವರಿಗೆ ಕೇಳಿಸುವ ಹಾಗೆ ಸಪ್ಪಳ ಮಾಡಿ ಕೂತೆ.

"ಕೂತೀನಿ ನೋಡ್ರಿ. ಸಂಜೀ ತನಕ ಏಳೂದಿಲ್ಲ. ಇನ್ನ ನೀವೂ ಆರಾಮ ಮಲಕೋರಿ."

ಅವರ ಮೊಣಕಾಲು ನಿಧಾನಕ್ಕೆ ಸಡಿಲಾಯಿತು. ಮನೆಯವರು ಬಂದು ನೀರು ಕೇಳಿದರು, ನಾನು ಏಳಲಿಲ್ಲ. ತಂಬಿಗೆ ಎಲ್ಲಿದೆಯೆಂದು ಕಣ್ಣಲ್ಲೇ ತೋರಿಸಿದೆ. ಸಂಜೆ ಡಾಕ್ಟರು ಪಟ್ಟಿ ಬಿಚ್ಚಿದಾಗ ಒಂದು ಹನಿಯೂ ಇರಲಿಲ್ಲ. ತೂತು ಮುಚ್ಚಿತ್ತು.

ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ಆ ಚಾದರವನ್ನು ಬಚ್ಚಲಿಗೆ ತಂದೆ. ರಕ್ತದ ಕಲೆಗೆ ಬಿಸಿನೀರು ಆಗದು. ಬಕೆಟ್ಟಿಗೆ ತಣ್ಣೀರು ಬಿಟ್ಟು, ಮುಷ್ಟಿ ಉಪ್ಪು ಹಾಕಿ, ನೆನೆಯಿಟ್ಟೆ.