ಬದುಕಿರುವ ಹುಳ ಬೇಕಾಗಿವೆ

ಕಾವಲುಗಾರನಿಗೆ ಕರುಣೆ ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಸಂಶೋಧನಾ ತೋಟದಲ್ಲಿ ಎಲೆಕೋಸಿನ ಎರಡು ತಾಕುಗಳಿದ್ದವು. ಒಂದಕ್ಕೆ ನ್ಯಾನೊ ಔಷಧ ಹಾಕಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಅವುಗಳ ಹೊಟ್ಟೆಯೊಳಗೆ ಕೀಟನಾಶಕ. ಹುಳ ಎಲೆ ಕಚ್ಚಿದಾಗ ಅದು ಚೂರುಚೂರೇ ಹೊರಬಂದು ತಿಂಗಳುಗಟ್ಟಲೆ ಕೆಲಸ ಮಾಡಬೇಕು. ಇನ್ನೊಂದು ತಾಕಿಗೆ ಏನೂ ಹಾಕುವಂತಿಲ್ಲ. ಅಲ್ಲಿ ಹುಳ ತಿಂದು ತೇಗಬೇಕು, ನೋಡಿದವರಿಗೆ ವ್ಯತ್ಯಾಸ ಕಾಣಬೇಕು. ದಿನಾ ಬೆಳಗ್ಗೆ ಕುಕ್ಕರುಗಾಲಲ್ಲಿ ಕೂತು ಎರಡೂ ಕಡೆಯ ಹುಳ ಎಣಿಸುವುದು ತೋಟದ ಸಹಾಯಕನ ಕೆಲಸ. ಮೂರು ವರ್ಷ ಎಣಿಸಿ ಎಣಿಸಿ ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿತ್ತು. ಸುತ್ತಲಿನವರು ಅವನನ್ನು ‘ಹುಳದ ಸಾರ್’ ಎಂದೇ ಕರೆಯುತ್ತಿದ್ದರು.

ಅವತ್ತು ಮಧ್ಯಾಹ್ನ ಮೂರಕ್ಕೆ ಕೇಂದ್ರ ಕಚೇರಿಯ ಹಿರಿಯ ವಿಜ್ಞಾನಿ ಮೇಡಂ ಬರುವವರಿದ್ದರು. ಅವರು ನೋಡಿ ರುಜು ಹಾಕಿದರೆ ಪ್ರಯೋಗ ಮುಗಿದ ಹಾಗೆ. ಆಮೇಲೆ ಸಹಾಯಕನಿಗೆ ಹೆಂಡತಿ, ಮಗಳು ಇರುವ ಊರಿಗೇ ವರ್ಗ.

ಬೆಳಗ್ಗೆ ಏಳಕ್ಕೆ ಹೋಗಿ ನೋಡಿದರೆ ಔಷಧವಿಲ್ಲದ ತಾಕಿನ ಹುಳಗಳೆಲ್ಲ ನೆಲದ ಮೇಲೆ ಸತ್ತು ಬಿದ್ದಿದ್ದವು.

“ನಾನೇ ಸಾರ್,” ಎಂದ ಕಾವಲುಗಾರ, ಬಹುಮಾನಕ್ಕೆ ಕಾದವನ ಹಾಗೆ ನಿಂತು. “ನಿನ್ನೆ ಸಂಜೆ ಹಳೇ ಔಷಧ ಹೊಡೆದುಬಿಟ್ಟೆ. ಆ ಕಡೆ ಗಿಡಕ್ಕೆ ಮಾತ್ರ ಔಷಧ ಹಾಕ್ತೀರಿ, ಈ ಕಡೆಯವೇನು ಮಲತಾಯಿ ಮಕ್ಕಳಾ? ದಿನಾ ನೋಡಿ ಕರುಳು ಚುರುಕ್ ಅಂತಿತ್ತು.”

ಬೈಯುವುದಕ್ಕೂ ಶಕ್ತಿ ಬೇಕು. ಸಹಾಯಕನಲ್ಲಿ ಅಷ್ಟು ಉಳಿದಿರಲಿಲ್ಲ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ ಹಿಡಿದು ಹುಳ ಹುಡುಕಲು ಹೊರಟ.

ಪಕ್ಕದ ತೋಟದವನು ಹೋದ ವಾರವಷ್ಟೇ ಕಚೇರಿಗೆ ಬಂದು, ಹುಳ ಬಿದ್ದು ಬೆಳೆಯೆಲ್ಲ ಹಾಳಾಯಿತೆಂದು ಗೋಳಾಡಿದ್ದ. ಸಹಾಯಕ ಮೊದಲು ಅವನ ಬಳಿಗೇ ಹೋದ.

“ನಮ್ಮ ತೋಟದಲ್ಲಿ ಹುಳಾನಾ? ಯಾರು ಹೇಳಿದ್ದು ನಿಮಗೆ?”

“ನೀವೇ ಹೇಳಿದ್ರಿ.”

“ಅದು ಹೋದ ವಾರ. ಇವತ್ತು ಕೋಸು ನೋಡೋಕೆ ವ್ಯಾಪಾರಿ ಬರ್ತಾನೆ. ಸ್ವಲ್ಪ ಮೆಲ್ಲಗೆ ಮಾತಾಡಿ ಮಾರಾಯ್ರೆ.”

ಬೀದಿಯ ಕೊನೆಯಲ್ಲಿದ್ದ ನಿವೃತ್ತ ನರ್ಸಮ್ಮನ ಹಿತ್ತಲಲ್ಲಿ ಹುಳಗಳೇನೋ ಇದ್ದವು. ಆದರೆ ಆಕೆ ಸುಮ್ಮನೆ ಕೊಡುವವರಲ್ಲ. ಗುಲಾಬಿ ಯಾಕೆ ಬಾಡಿದೆ, ಟೊಮೆಟೊ ಯಾಕೆ ಹಣ್ಣಾಗುತ್ತಿಲ್ಲ, ತನ್ನ ಮಂಡಿ ಯಾಕೆ ಹಿಡಿದುಕೊಳ್ಳುತ್ತದೆ, ಎಲ್ಲಕ್ಕೂ ಉತ್ತರ ಪಡೆದ ಮೇಲೆಯೇ ಎಂಬತ್ತು ಹುಳ ಆರಿಸಿಕೊಳ್ಳಲು ಬಿಟ್ಟರು.

“ಪಾಪದ ಪ್ರಾಣಿಗಳಪ್ಪಾ. ಬದುಕಿಸ್ತೀಯ ತಾನೆ?”

“ಮೂರು ಗಂಟೆವರೆಗೂ ಬದುಕಿಸಲೇಬೇಕಮ್ಮ,” ಎಂದ ಸಹಾಯಕ. ಅವನು ಮನಸ್ಸಿನಿಂದಲೇ ಹೇಳಿದ್ದ.

ಹಿಂತಿರುಗುವಷ್ಟರಲ್ಲಿ ಗಂಟೆ ಒಂದಾಗಿತ್ತು. ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಒಂದೊಂದೇ ಹುಳವನ್ನು ಎಲೆಯ ಮೇಲೆ ಇಟ್ಟ. ನಲವತ್ತು ಇಟ್ಟು ಮುಗಿಸುವ ಹೊತ್ತಿಗೆ ಮೊದಲು ಇಟ್ಟವು ತಪತಪನೆ ಕೆಳಗೆ ಉದುರತೊಡಗಿದವು. ಕಾವಲುಗಾರ ಹೊಡೆದ ಔಷಧ ಎಲೆಯ ಮೇಲೆ ಇನ್ನೂ ಇತ್ತು.

ಇದನ್ನೆಲ್ಲ ನೆರಳಲ್ಲಿ ನಿಂತು ನೋಡುತ್ತಿದ್ದ ಉಗ್ರಾಣದ ಗುಮಾಸ್ತ ಹತ್ತಿರ ಬಂದ. “ಅಲ್ಲ ಸಾರ್, ಹುಳ ಯಾಕೆ ಹೊತ್ಕೊಂಡು ತಿರುಗ್ತೀರಿ, ಬೋರ್ಡು ಬದಲಾಯಿಸಿ. ಸತ್ತ ಹುಳ ಇರೋ ಕಡೆ ‘ನ್ಯಾನೊ ಔಷಧ’ ಅಂತ ನೆಡಿ. ಉಳಿದ ಹುಳ ಆ ಕಡೆ ಬಿಡಿ. ನಿಮ್ಮ ಔಷಧ ಹುಳ ಸಾಯಿಸೋಕೆ ಎರಡು ದಿನ ತಗೊಳ್ಳುತ್ತೆ. ಮೇಡಂ ಎರಡು ಗಂಟೆಗಿಂತ ಜಾಸ್ತಿ ಇರಲ್ಲ.”

“ಈ ಕಡೆ ಎಲೆಯೆಲ್ಲ ಜರಡಿ ಆಗಿದೆಯಲ್ಲಪ್ಪ?”

“ಎಲೆ ಯಾರು ನೋಡ್ತಾರೆ ಸಾರ್. ಹುಳ ನೋಡ್ತಾರೆ.”

ಮೂರು ವರ್ಷದಲ್ಲಿ ಒಂದು ಹುಳದ ಲೆಕ್ಕವನ್ನೂ ತಪ್ಪು ಬರೆದವನಲ್ಲ ಸಹಾಯಕ. ನಿಜ ಹೇಳಿಬಿಟ್ಟರೆ ಇನ್ನೊಂದು ಬೆಳೆ ತೆಗೆದು ಮೊದಲಿಂದ ಎಣಿಸಬೇಕು, ಅಷ್ಟೇ ತಾನೆ ಎಂದುಕೊಳ್ಳುತ್ತಿರುವಾಗ ಹೆಂಡತಿಯ ಫೋನು ಬಂತು.

“ರೀ, ಮನೆಗೆ ಬಣ್ಣ ಹೊಡೆಸ್ತಿದ್ದೀನಿ. ನಿಮ್ಮ ಮೇಜು ಕಿಟಕಿ ಹತ್ರ ಇಡ್ಸಲಾ?”

“ಕಿಟಕಿ ಹತ್ರಾನೇ ಇಡ್ಸು,” ಎಂದು ಫೋನಿಟ್ಟು ಸಹಾಯಕ ಬೋರ್ಡು ಕಿತ್ತ.

ಮೇಡಂ ಮೂರಕ್ಕೆ ಸರಿಯಾಗಿ ಭೂತಗನ್ನಡಿ ಹಿಡಿದು ಬಂದರು. ‘ನ್ಯಾನೊ ಔಷಧ’ದ ಬೋರ್ಡಿದ್ದ ತಾಕಿನಲ್ಲಿ ಮೊದಲು ನೋಡಿದ್ದು ಎಲೆಯನ್ನು.

“ಇಲ್ಲಿ ಔಷಧ ಹಾಕಿ ಎಷ್ಟು ದಿನ ಆಯ್ತು?”

“ಇಪ್ಪತ್ತು ದಿನ ಮೇಡಂ.”

“ಅಂದ್ರೆ ಹತ್ತೊಂಬತ್ತು ದಿನ ಹೊಟ್ಟೆ ತುಂಬ ತಿಂದು, ನಿನ್ನೆ ಎಲ್ಲಾ ಒಟ್ಟಿಗೆ ಸತ್ತಿವೆ. ಗುಳಿಗೆಗಳೆಲ್ಲ ಒಂದೇ ಸಲ ಒಡೆದುಹೋಗಿವೆ ಕಣ್ರೀ. ನಿಧಾನಕ್ಕೆ ಬಿಡುಗಡೆ ಆಗೋದೇ ಇದರ ಗುಣ, ಅದೇ ಇಲ್ಲ. ಈ ಪ್ರಯೋಗ ಇಲ್ಲಿಗೆ ಮುಚ್ಚಿಬಿಡೋಣ.”

ಸಹಾಯಕನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಗೆದ್ದರೂ ಸೋತರೂ ಮುಗಿಯುವುದು ಮುಖ್ಯ. ಮುಖಕ್ಕೆ ಸ್ವಲ್ಪ ದುಃಖ ತಂದುಕೊಂಡು ತಲೆಯಾಡಿಸಿದ.

ಮೇಡಂ ಇನ್ನೊಂದು ತಾಕಿಗೆ ಹೋಗಿ ಕೂತರು. ಹತ್ತು ನಿಮಿಷವಾದರೂ ಏಳಲಿಲ್ಲ.

“ಇಲ್ಲಿ ಏನೂ ಹಾಕಿಲ್ಲ ಅಲ್ವಾ?”

“ಏನೂ... ಇಲ್ಲ ಮೇಡಂ.”

“ಬನ್ನಿ ಇಲ್ಲಿ, ನೋಡಿ. ಹುಳ ಒಂದು ಸಲ ಕಚ್ಚುತ್ತೆ, ಬಾಯಿ ತೆಗೆದು ಹಿಂದಕ್ಕೆ ಸರಿಯುತ್ತೆ. ಇಷ್ಟು ಹುಳ ಇದ್ರೂ ಎಲೆಗಳೆಲ್ಲ ಹೇಗೆ ನಳನಳಿಸ್ತಿವೆ ನೋಡಿ. ಯಾವ ಔಷಧವೂ ಇಲ್ದೆ ತಾನೇ ಹುಳ ಓಡಿಸೋ ಎಲೆಕೋಸು. ನನ್ನ ಮೂವತ್ತು ವರ್ಷದ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ.” ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದರ ಬೀಜ ತೆಗೀಬೇಕು, ಮತ್ತೆ ಬಿತ್ತಬೇಕು, ದಿನಾ ಹುಳ ಎಣಿಸಬೇಕು. ಐದು ವರ್ಷದ ಕೆಲಸ. ಇದನ್ನ ಬೇರೆಯವರ ಕೈಗೆ ಕೊಟ್ರೆ ನಿಮಗೆ ಅನ್ಯಾಯ ಮಾಡಿದ ಹಾಗೆ.”

ರುಜು ಹಾಕಲೆಂದು ತಂದಿದ್ದ ವರ್ಗಾವಣೆಯ ಕಾಗದವನ್ನು ಅವರು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಸೇರಿಸಿದರು. ಅದೇ ಚೀಲದಿಂದ ಹೊಸ ಪ್ರಯೋಗದ ಅರ್ಜಿ ತೆಗೆದು ಸಹಾಯಕನ ಮುಂದೆ ಹಿಡಿದರು. ಬೆಳೆಯ ಹೆಸರು, ತಾಕಿನ ಅಳತೆ ಎಲ್ಲ ತುಂಬಿ ಕೊನೆಯ ಸಾಲಿಗೆ ಬಂದಾಗ ಅವನ ಪೆನ್ನು ನಿಂತಿತು.

‘ಹುಳ ಎಲೆ ತಿನ್ನದಿರಲು ಕಾರಣ’ ಎಂದು ಮೇಡಂ ತಮ್ಮ ಕೈಯಾರೆ ಬರೆದಿದ್ದರು ಅಲ್ಲಿ.

ಸಹಾಯಕ ಒಮ್ಮೆ ಮೇಡಂ ಮುಖ ನೋಡಿದ, ಒಮ್ಮೆ ಎಲೆಕೋಸಿನ ಕಡೆ ನೋಡಿದ. ‘ಇನ್ನೂ ತಿಳಿದುಬಂದಿಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದ.