ಗೀರು ಬೀಳದ ಮೇಜು

ಕಾರ್ಖಾನೆಯಲ್ಲಿ ಕಲಿತ ವಿದ್ಯೆಯನ್ನು ಮನೆಯೊಳಗೆ ತರಬಾರದು. ಮೇಷ್ಟ್ರು ಸ್ವಂತ ಮಗನಿಗೆ ಪಾಠ ಹೇಳಲು ಕೂತರೆ ಕೊನೆಗೆ ಇಬ್ಬರೂ ಅಳುತ್ತಾರೆ. ನನ್ನದು ಬಣ್ಣ-ವಾರ್ನಿಷಿನ ವಿದ್ಯೆ. ಬಸವಕಲ್ಯಾಣದ ಮನೆಯಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಪಾರದರ್ಶಕ ವಾರ್ನಿಷ್ ಕಲಸುತ್ತಿದ್ದೆ. ನ್ಯಾನೋ ಎಂದರೆ ಸಣ್ಣ ಕಾರು ಎಂದಷ್ಟೇ ಜನಕ್ಕೆ ಗೊತ್ತಿದ್ದ ಕಾಲವದು. ನಾವು ಮಾತ್ರ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿಯೊಂದನ್ನು ವಾರ್ನಿಷಿಗೆ ಬೆರೆಸಿ, ಗೀರು ಬೀಳದ ಲೇಪ ತಯಾರಿಸುವ ಹುಮ್ಮಸ್ಸಿನಲ್ಲಿದ್ದೆವು. ಪುಡಿ ಮರಳಿನ ಜಾತಿಯದು; ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡರೆ ಗಾಜಿನಷ್ಟು ತಿಳಿ, ಗಡಸೂ ಹೌದು.

ಅಷ್ಟರಲ್ಲಿ ಹತ್ತಿರದ ಕೊಹಿನೂರು ಎಂಬ ಹಳ್ಳಿಯಿಂದ ನನ್ನ ಮಾವ ಒಂದು ಮೇಜು ಕಳಿಸಿದರು. ಹಳೆಯ ಮನೆ ಕೆಡವಿದಾಗ ಅಡುಗೆಮನೆಯ ಸಾಗವಾನಿ ಬಾಗಿಲನ್ನು ಮಗಳಿಗಾಗಿ ಊಟದ ಮೇಜು ಮಾಡಿಸಿದ್ದರು. ತೀರಿಹೋದ ಅತ್ತೆ ಜೀವಮಾನವೆಲ್ಲ ಕೈಯಿಟ್ಟು ತೆರೆದ ಬಾಗಿಲು. ನನ್ನ ಹೆಂಡತಿ ಸುವರ್ಣಾ ಅದರ ಮೇಲೆ ಕೈಯಾಡಿಸಿ, "ನೋಡ್ರಿ, ಕಟ್ಟಗಿ ಮ್ಯಾಲಿನ ಈ ಗೆರಿ ಅವ್ವನ ಇಳಕಲ್ ಸೀರಿ ಅಂಚಿನಂಗ ಅವ" ಎಂದಳು.

"ಇದಕ್ಕ ನಾನೇ ಲೇಪ ಹಾಕ್ತೀನಿ. ಗೀರು ಅನ್ನೋದು ಇರಂಗಿಲ್ಲ" ಎಂದೆ. ಹಾಕೆಂದು ಯಾರೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಕಾರ್ಖಾನೆಯಿಂದ ವಾರ್ನಿಷನ್ನೂ ಪುಡಿಯನ್ನೂ ಬೇರೆಬೇರೆಯಾಗಿ ತಂದೆ. ಹೆಚ್ಚು ಪುಡಿ ಬಿದ್ದರೆ ಹೆಚ್ಚು ಗಟ್ಟಿಯಾದೀತೆಂಬ ಆಸೆಯಿಂದ ಧಾರಾಳವಾಗಿ ಸುರಿದು, ಕೋಲಿನಿಂದ ತಿರುವಿ ಬಳಿದುಬಿಟ್ಟೆ. ಹಸಿಯಿರುವಾಗ ಮೇಜು ಥಳಥಳ ಹೊಳೆಯಿತು. ಮರುದಿನ ಒಣಗಿದ ಮೇಲೆ ನೋಡಿದರೆ ಮಜ್ಜಿಗೆ ಚೆಲ್ಲಿದಂತೆ ಮೇಲೆಲ್ಲ ಬಿಳಿ ಮುಸುಕು! ಸೀರೆಯ ಅಂಚೂ ಇಲ್ಲ, ಸಾಗವಾನಿಯೂ ಇಲ್ಲ.

ಸುವರ್ಣಾ ಬಯ್ಯಲಿಲ್ಲ. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. "ಐತವಾರ ಅಪ್ಪ ಬರಾಕತ್ತಾನ" ಎಂದಷ್ಟೇ ಹೇಳಿ ಒಳಗೆ ಹೋದಳು.

ಕಾರ್ಖಾನೆಯಲ್ಲಿ ನಮ್ಮ ಮೇಲಧಿಕಾರಿ ಕುಲಕರ್ಣಿಯವರಿಗೆ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಯಂತ್ರದಾಗ ಅರೀಲಿಲ್ಲಂದ್ರ ಕಣ ಎಲ್ಲಾ ಗಂಟ ಕಟ್ತಾವಂತ ದುನಿಯಾಕ್ಕೆಲ್ಲ ಹೇಳಾವ್ರು ನೀವ. ಮನ್ಯಾಗ ಕೋಲು ಹಿಡದೀರೇನು?" ಎಂದು, ನಾವು ಯಂತ್ರದಲ್ಲಿ ಹದವಾಗಿ ಅರೆದಿಟ್ಟಿದ್ದ ಒಂದು ಡಬ್ಬಿ ಕೊಟ್ಟರು. ಗಂಟು ಬೆಳಕನ್ನು ಚದುರಿಸಿದರೆ ಮುಸುಕು ಬಾರದೆ ಇನ್ನೇನು?

ಮನೆಗೆ ಬಂದು, ಮೇಜಿನ ಮೂಲೆಯಿಂದ ಶುರುಮಾಡಿ ಬಿಳಿ ಲೇಪವನ್ನು ಒರಟು ಪಾಲಿಶ್ ಕಾಗದದಿಂದ ಉಜ್ಜಿ ತೆಗೆಯತೊಡಗಿದೆ. ಲೇಪ ಮರದೊಳಗೇ ಇಳಿದಿದ್ದರೆ ಆ ಗೆರೆಗಳು ಮತ್ತೆ ಕಾಣುವಂತಿರಲಿಲ್ಲ. ಗೀರು ಬೀಳಬಾರದೆಂದು ಮಾಡಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ರಟ್ಟೆ ಬಿದ್ದುಹೋಯಿತು. ಸುವರ್ಣಾ ಬಂದು ಇನ್ನೊಂದು ಕಾಗದ ಹಿಡಿದಳು. ಬಿಳಿ ಹುಡಿಯ ಕೆಳಗಿನಿಂದ ಮೊದಲ ಗೆರೆ ಕಂಡಾಗ "ಅವ್ವಾ" ಎಂದಳು. ಪೂರ್ತಿ ಉಜ್ಜಿ ಮುಗಿಸಿ, ಕುಲಕರ್ಣಿಯವರು ಕೊಟ್ಟ ಡಬ್ಬಿಯ ಲೇಪವನ್ನೇ ಬಳಿದೆ.

ಭಾನುವಾರ ಮಾವ ಬಂದರು. ಹೊಸ ಲೇಪದಡಿ ಗೆರೆಗಳೆಲ್ಲ ನೀರಿನೊಳಗಿದ್ದಂತೆ ನಿಚ್ಚಳವಾಗಿದ್ದವು. ಅವರು ಬಗ್ಗಿ ನೋಡಿ, "ಗೀರು ಬೀಳಂಗಿಲ್ಲಂತಲ್ಲ, ಖರೇನ್ರಿ ಅಳಿಯಂದ್ರ?" ಎನ್ನುತ್ತ ಸೊಂಟದ ಬೀಗದಕೈ ಗೊಂಚಲು ತೆಗೆದು, ನಾನು ತಡೆಯುವುದರೊಳಗೆ ಮೇಜಿನ ಮೇಲೆ ಬರ್‍ರನೆ ಎಳೆದರು. ಸುವರ್ಣಾ ಕಣ್ಣು ಮುಚ್ಚಿಕೊಂಡಳು. ನಾನೂ.

"ಅರೆ, ಏನೂ ಆಗಿಲ್ಲಲ್ಲ!" ಎಂಬ ಅವರ ದನಿ ಕೇಳಿದ ಮೇಲೆಯೇ ನಾನು ಕಣ್ಣು ತೆರೆದದ್ದು. ಅಂದು ಅದೇ ಮೇಜಿನ ಮೇಲೆ ಜೋಳದ ರೊಟ್ಟಿ, ಬದನೆಕಾಯಿಯ ಎಣಗಾಯಿ. ನಾನು ಎಂದಿಗಿಂತ ಹೆಚ್ಚೇ ಉಂಡೆ.

ಊಟವಾದ ಮೇಲೆ ಸುವರ್ಣಾ, "ಇಷ್ಟು ಚೊಲೊ ಆಗ್ಯಾದ, ಹಾಳಾಗಬಾರದು. ಮ್ಯಾಲ ಒಂದು ಪ್ಲಾಸ್ಟಿಕ್ ಹಾಳಿ ಹಾಸೋಣ್ರಿ" ಎಂದಳು. ಮಾವನೂ ತಲೆಯಾಡಿಸಿದರು. ಲೇಪದ ಉದ್ದೇಶವೇನು, ಅದರ ಹಿಂದಿನ ವಿಜ್ಞಾನವೇನು ಎಂದು ವಿವರಿಸಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡು ಬಜಾರಿಗೆ ಹೋದೆ. ಅಂಗಡಿಯವನು ನಾಲ್ಕಾರು ಬಗೆಯ ಹಾಳೆ ಬಿಚ್ಚಿ ತೋರಿಸಿದ. ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿ ಕೇಳಿದೆ:

"ಗೀರು ಬೀಳದಂಥಾದ್ದು ಇಲ್ಲೇನ್ರಿ?"